ಎಷ್ಟು ಸುಣ್ಣ ಹಾಕಿದರೂ ಏರದ ಪಿಎಚ್

"ಏನ್ರೀ ಮೇಡಂ, ಎಷ್ಟ್ ಸುಣ್ಣ ಹಾಕಿದ್ರೂ ಮ್ಯಾಲ ಏರವಲ್ದಲ್ರೀ" ಅಂತ ಕಂಟ್ರೋಲ್ ರೂಮಿನಿಂದ ಫೋನ್ ಬಂದಾಗ ನಡುರಾತ್ರಿ ದಾಟಿತ್ತು. ಮಾತಾಡಿದವರು ಪಾಳಿಯ ಇಂಜಿನಿಯರ್, ರಾಯಚೂರಿನ ಕಡೆಯವರು. ಮಧ್ಯ ಭಾರತದ ಈ ವಿದ್ಯುತ್ ಸ್ಥಾವರದಲ್ಲಿ ನಾವಿಬ್ಬರೇ ಕನ್ನಡದವರು. ನಾನು ಎಫ್‌ಜಿಡಿ ಘಟಕದ ಕೆಮಿಸ್ಟ್.

ಬಾಯ್ಲರಿನ ಹೊಗೆಯಿಂದ ಸಲ್ಫರ್ ಡೈಆಕ್ಸೈಡ್ ತೆಗೆಯುವ ಘಟಕ ಇದು. ಅಬ್ಸಾರ್ಬರ್ ಅನ್ನುವ ಗೋಪುರದೊಳಗೆ ಹೊಗೆ ಮೇಲೇರುತ್ತದೆ, ಸುಣ್ಣದಕಲ್ಲಿನ ಪುಡಿ ಕಲಸಿದ ನೀರು, ಅಂದರೆ ಸ್ಲರಿ, ಅದರ ಮೇಲೆ ಮಳೆಯ ಹಾಗೆ ಸುರಿಯುತ್ತದೆ. ತಳದ ತೊಟ್ಟಿಗೆ ಗಾಳಿ ಊದಿದರೆ ಜಿಪ್ಸಂ ತಯಾರು. 1 ಟನ್ ಅನಿಲ ಹಿಡಿಯಲು ಹೆಚ್ಚೂಕಡಿಮೆ 1.6 ಟನ್ ಸುಣ್ಣದಕಲ್ಲು ಬೇಕು, ಸಿಗುವ ಜಿಪ್ಸಂ 2.7 ಟನ್. ತೊಟ್ಟಿಯ ನೀರು ಎಷ್ಟು ಹುಳಿ ಅನ್ನುವುದರ ಅಳತೆ ಪಿಎಚ್; ಅದು ಇಳಿದಷ್ಟೂ ಹುಳಿ ಜಾಸ್ತಿ, ಸುಣ್ಣ ಹಾಕಿದರೆ ಏರಬೇಕು. ಸುಮಾರು 5.5 ಇರಬೇಕಾದ ಪಿಎಚ್ ಆ ರಾತ್ರಿ 5ಕ್ಕಿಂತ ಕೆಳಗಿಳಿದಿತ್ತು.

ಮೊದಲು ಮೀಟರಿನ ಮೇಲೇ ಅನುಮಾನ. ಸ್ಯಾಂಪಲ್ ತಂದು ಲ್ಯಾಬಿನಲ್ಲಿ ನೋಡಿದೆ, ಅದೇ ಅಂಕಿ. ಆಮೇಲೆ ಜಿಪ್ಸಂನಿಂದ ನೀರು ಬಸಿಯುವ ಬೆಲ್ಟ್ ಫಿಲ್ಟರ್ ಹತ್ತಿರ ಹೋದೆ. ದಿನಾ ಕೆನೆ ಬಣ್ಣಕ್ಕಿರುವ ಜಿಪ್ಸಂ ಬೂದು ಬಣ್ಣಕ್ಕೆ ತಿರುಗಿತ್ತು. ಹಿಂಡಿದರೆ ಕೈಗೆ ಅಂಟುತ್ತಿತ್ತು. ಒಂದು ಚಿಟಿಕೆಯ ಮೇಲೆ ಆಸಿಡ್ ಹನಿ ಬಿಟ್ಟೆ. ಬುಸ್ಸೆಂದು ನೊರೆ ಬಂತು. ಅಂದರೆ ಹಾಕಿದ ಸುಣ್ಣದಕಲ್ಲು ಕರಗದೆ ಹಾಗೇ ಹೊರಗೆ ಬರುತ್ತಿದೆ!

"ಇಎಸ್‌ಪಿ ಹೇಗಿದೆ ನೋಡ್ರಿ" ಅಂದೆ. ಹೊಗೆಯ ಬೂದಿಯನ್ನು ಕರೆಂಟಿನಿಂದ ಸೆಳೆದು ಹಿಡಿಯುವ ಯಂತ್ರ ಅದು, ಅಬ್ಸಾರ್ಬರಿಗಿಂತ ಮೊದಲು ಇರುತ್ತದೆ. ಮಳೆಗಾಲದ ತೇವಕ್ಕೆ ಬೂದಿ ಅದರ ತಳದ ಹಾಪರಿನಲ್ಲಿ (ಬೂದಿ ಬೀಳುವ ಆಲಿಕೆ) ಕಟ್ಟಿಕೊಂಡು ಎರಡು ಫೀಲ್ಡ್, ಅಂದರೆ ಯಂತ್ರದ ಎರಡು ವಿಭಾಗ, ಟ್ರಿಪ್ ಆಗಿ ನಿಂತಿದ್ದವು. ಆ ಬೂದಿಯೆಲ್ಲ ನಮ್ಮ ತೊಟ್ಟಿಗೆ ಬಂದಿತ್ತು. ಬೂದಿಯ ಅಲ್ಯೂಮಿನಿಯಂ, ಹೊಗೆಯ ಫ್ಲೋರೈಡ್ ಸೇರಿ ಸುಣ್ಣದಕಲ್ಲಿನ ಕಣದ ಸುತ್ತ ಪದರ ಕಟ್ಟುತ್ತವೆ. ಇನ್ನಷ್ಟು ಸುರಿದರೂ ಅಷ್ಟೇ, ದಂಡ.

ಸುಣ್ಣ ಕಮ್ಮಿ ಮಾಡಿಸಿ ಕಾಸ್ಟಿಕ್ ಸೋಡಾ ಹಾಕಿಸಿದೆವು, ವಿದ್ಯುತ್ ಉತ್ಪಾದನೆಯ ಲೋಡ್ ಇಳಿಸಿದರು, ಕೆಟ್ಟ ಸ್ಲರಿಯನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ಟ್ಯಾಂಕಿಗೆ ಬಿಟ್ಟೆವು. ಹಾಪರ್ ಬಡಿದು ಬೂದಿ ಇಳಿಸುವವರ ಪಾಡಂತೂ ಕೇಳಬೇಡಿ.

ಕಾಯುವಾಗ ಅವರು ಕೇಳಿದರು: "ನಮ್ಮ ದೇಶದ ಕಲ್ಲಿದ್ದಲಿನ್ಯಾಗ ಗಂಧಕ ಇರೂದ ಅರ್ಧ ಪರ್ಸೆಂಟ್. ಇಷ್ಟೆಲ್ಲ ಯಾಕ್ರೀ?" ಸರ್ಕಾರದ ವಾದವೂ ಹೆಚ್ಚುಕಡಿಮೆ ಅದೇ. ಈ ಅನಿಲಕ್ಕೆ ಮಿತಿ ಹಾಕಿ 2015ರಲ್ಲಿ ತಂದ ನಿಯಮಕ್ಕೆ ಗಡುವು ಮುಂದೂಡುತ್ತಾ ಬಂದು, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಕೊಟ್ಟರು. ನನಗದು ಒಪ್ಪಿಗೆಯಿಲ್ಲ. 500 ಮೆಗಾವ್ಯಾಟ್ ಘಟಕ ಗಂಟೆಗೆ ಸುಮಾರು 300 ಟನ್ ಕಲ್ಲಿದ್ದಲು ಸುಡುತ್ತದೆ. ಅದರ ಅರ್ಧ ಪರ್ಸೆಂಟ್ ಗಂಧಕ ಅಂದರೆ ಒಂದೂವರೆ ಟನ್; ಉರಿಯುವಾಗ ಆಮ್ಲಜನಕ ಸೇರಿ ತೂಕ ಎರಡರಷ್ಟಾಗಿ, ಗಂಟೆಗೆ 3 ಟನ್ ಅನಿಲ. ಕಣ್ಣಿಗೆ ಕಾಣುವುದಿಲ್ಲ ನಿಜ, ಆದರೆ ಗಾಳಿಯಲ್ಲಿ ದೂರ ಹೋಗಿ ಸಣ್ಣ ಕಣವಾಗಿ ಯಾರದೋ ಎದೆಗೆ ಇಳಿಯುತ್ತದೆ ಅಲ್ವಾ?

ಲೆಕ್ಕ ಕೇಳಿ ಅವರು ಸುಮ್ನಾದರು. ಒಪ್ಪಿದರೋ, ನಿದ್ದೆ ಬಂದಿತ್ತೋ! ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಮತ್ತೆ 5.4ಕ್ಕೆ ಬಂತು. ಬೂದು ಜಿಪ್ಸಂ ಬೇರೆ ರಾಶಿ ಹಾಕಿಸಿ, ಸಿಮೆಂಟಿನವರ ಲಾರಿಗೆ ಹಳೇ ದಾಸ್ತಾನು ತುಂಬಿಸಿ ಕಳಿಸಿದೆವು.