ಒಡ್ಡೋಲಗದಲ್ಲಿ ಕೂತರೂ ಕಣ್ಣು ದೂತನ ಮೇಲೆ

"ಇನ್ನೂ ಹಾಸ್ಯದಲ್ಲೇ ಉಂಟಾ? ಕಿರೀಟ ಸಿಗ್ಲೇ ಇಲ್ವಾ ನಿಮ್ಗೆ?"

ಕಳೆದ ಶನಿವಾರ ಅತ್ತೆಮನೆಯ ಹರಕೆಯ ಯಕ್ಷಗಾನ ಆಟ. ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಗೆ ನುಗ್ಗಿ ಹಾಸ್ಯಗಾರರನ್ನು ಹೀಗೆ ಕೇಳಿದ್ದು ನಮ್ಮ ಭಾವ. ಮದುವೆಮನೆಯಲ್ಲಿ ಬಡಿಸುವವರ ಹತ್ತಿರವೂ ಸಂಬಳ ವಿಚಾರಿಸುವ ಜನ ಅವರು. ನಾನು ನಾಚಿಕೆಯಿಂದ ಬಣ್ಣದ ಪೆಟ್ಟಿಗೆ ನೋಡುತ್ತಾ ನಿಂತೆ.

ಹಾಸ್ಯಗಾರರು ತಿರುಗಲಿಲ್ಲ. ಎಡಗೈಯಲ್ಲಿ ಕನ್ನಡಿ, ಬಲಗೈ ಬೆರಳ ತುದಿಯಲ್ಲಿ ತೆಂಗಿನೆಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣ. ಒಂದು ಹುಬ್ಬನ್ನು ಬೇಕೆಂದೇ ಸೊಟ್ಟಗೆ ಎಳೆದು, ನೋಡಿ, ಇನ್ನಷ್ಟು ಸೊಟ್ಟ ಮಾಡಿದರು. ಆಮೇಲೆ ಮಾತು ಬಂತು.

"ಸಿಕ್ಕಿತ್ತು. ಒಂದು ತಿರುಗಾಟ, ಇಡೀ ಸೀಸನ್ ಪೂರ್ತಿ ದೇವೇಂದ್ರ ಮಾಡಿದೆ. ಒಡ್ಡೋಲಗದಲ್ಲಿ ಕೂತ್ರೂ ಕಣ್ಣು ಹೋಗ್ತಿದ್ದದ್ದು ಹಾಸ್ಯದ ದೂತನ ಮೇಲೇ ಮಾರಾಯ್ರೇ. ಛೆ, ಅಲ್ಲೊಂದು ಮಾತು ಬಿಟ್ಟನಲ್ಲ ಅಂತ. ಮೇಳದ ಯಜಮಾನರಿಗೆ ನಾನೇ ಹೇಳಿದೆ, ಇದು ಬೇಡ."

ಭಾವ ನಕ್ಕು ಚಹಾಕ್ಕೆ ಹೋದರು. ನಾನು ಬೆಂಗಳೂರಿಗೆ ಬಸ್ಸು ಹತ್ತಿದ ಮೇಲೂ ಶಿರಾಡಿ ಘಾಟಿಯುದ್ದಕ್ಕೂ ಅದೇ ಮಾತು: ಕಣ್ಣು ಹೋಗ್ತಿದ್ದದ್ದು ದೂತನ ಮೇಲೇ.

ಕೋಡಂಗಿ, ಬಾಲಗೋಪಾಲದಂಥ ಆರಂಭದ ವೇಷಗಳಿಂದ ಶುರುಮಾಡಿ ಮೇಲೇರುವುದು ಮೇಳದ ಹಳೆಯ ಕ್ರಮ. ಅಷ್ಟು ದೂರ ಬಂದವರು ಕೈಗೆ ಬಂದ ಕಿರೀಟವನ್ನು ಬೇಡ ಅನ್ನುವುದೆಂದರೆ ಊರವರ ಕಣ್ಣಿಗೆ ಸೋಲೇ. ಭಾವನಂತೂ "ಅದೆಲ್ಲ ಹೆದರಿಕೆ" ಎಂದು ತೀರ್ಪು ಕೊಟ್ಟಾಗಿದೆ. ಆದರೆ ಯಕ್ಷಗಾನದಲ್ಲಿ ಪದ್ಯವಷ್ಟೇ ಪ್ರಸಂಗದ ಪುಸ್ತಕದ್ದು. ಅರ್ಥ, ಅಂದರೆ ಆಡುವ ಮಾತು, ವೇಷಧಾರಿಯದೇ, ಆ ಕ್ಷಣಕ್ಕೆ ಹುಟ್ಟಬೇಕು. ಒಗ್ಗದ ಪಾತ್ರ ಕಟ್ಟಿದರೆ ಅದನ್ನು ಮುಚ್ಚಿಡಲು ಬರೆದಿಟ್ಟ ಸಂಭಾಷಣೆಯೂ ಇಲ್ಲ. ಆ ಒಂದು ತಿರುಗಾಟದಲ್ಲಿ ಅವರಿಗೆ ತಿಳಿದದ್ದು ತನಗೆ ದೇವೇಂದ್ರ ಬರುವುದಿಲ್ಲ ಎಂದಲ್ಲ, ಬೇಡ ಎಂದು. ಇವೆರಡು ಬೇರೆ ಬೇರೆ ಎಂದು ಗೊತ್ತಾಗದೆ ನಾವೆಷ್ಟು ಜನ ಬಡ್ತಿ ತೆಗೆದುಕೊಂಡಿದ್ದೇವೋ!

ಹಾಗೆಂದು ಅವರು ಸಿಕ್ಕಿದ್ದರಲ್ಲಿ ತೃಪ್ತಿಪಡುವ ಸಾಧುಪುರುಷರೇನಲ್ಲ. ಸಂಬಳದ ವಿಷಯಕ್ಕೆ ಮೇಳದವರ ಜೊತೆ ಚೆನ್ನಾಗಿಯೇ ಜಗಳವಾಡುತ್ತಾರಂತೆ. ಅದು ಕೇಳಿ ನನಗೆ ಗೌರವ ಹೆಚ್ಚಾಯಿತು. ಕಲಾವಿದರ ಬಡತನವನ್ನು ಹೊಗಳಿ ಬರೆಯುವವರನ್ನು ಕಂಡರೆ ನನಗಾಗದು.

ಆ ರಾತ್ರಿ ರಂಗಸ್ಥಳಕ್ಕೆ ಬಂದ ದೂತ, ದೇವೇಂದ್ರ ಕರೆದ ಮೇಲೂ ಕಾಲಿನ ಮುಳ್ಳು ತೆಗೆಯುತ್ತಾ ಕೂತ. ಚೆಂಡೆಯವರು ಕಾದರು, ಭಾಗವತರಿಗೆ ನಗು ತಡೆಯಲಿಲ್ಲ. ಇಲ್ಲದ ಮುಳ್ಳು ಅದು.

ಈ ವಾರ ಆಫೀಸಿನಲ್ಲಿ ವಾರ್ಷಿಕ ಮೌಲ್ಯಮಾಪನ. ತಂಡದ ಮುಖ್ಯಸ್ಥನ ಜಾಗ ಖಾಲಿಯಿದೆ, ನಿಮ್ಮ ಹೆಸರು ಕಳಿಸಲಾ ಎಂದು ಮ್ಯಾನೇಜರ್ ಕೇಳಿದರು. ಕೋಡ್ ಬರೆಯುವ ಕೆಲಸವೇ ಇಷ್ಟ ಎಂದೆ. ನಾನು ಸಂಬಳಕ್ಕೆ ಚೌಕಾಸಿ ಶುರುಮಾಡಿದೆನೆಂದು ಅವರು ತಿಳಿದಿರಬೇಕು. "ಸೋಮವಾರದವರೆಗೆ ಯೋಚನೆ ಮಾಡಿ" ಎಂದಿದ್ದಾರೆ.

ನನ್ನ ಯೋಚನೆ ಮುಗಿದಿದೆ. ಭಾವನಿಗೆ ಗೊತ್ತಾಗದಂತೆ ಅಕ್ಕನಿಗೆ ಹೇಳುವುದು ಹೇಗೆ ಎಂಬುದಷ್ಟೇ ಬಾಕಿ.