‘ಕೇಸ್ ಎಳಕೋತ ಹೊಂಟದ’ ಅನ್ನೋದಕ್ಕ ‘ಡ್ರ್ಯಾಗ್ ಆನ್’

ಕಲಬುರಗಿ ಕಡೆ ಮುಗಿಯದ ವ್ಯವಹಾರಕ್ಕೆಲ್ಲ ಒಂದೇ ಮಾತು: ‘ಹಂಗೇ ಎಳಕೋತ ಹೊಂಟದ ರೀ.’ ಇಂಗ್ಲಿಷಿನ ‘ಡ್ರ್ಯಾಗ್ ಆನ್’ ಇದಕ್ಕೆ ಸರಿಯಾಗಿ ಕೂರುತ್ತದೆ. ಬಹಳ ಹೊತ್ತು ನಡೆದರಷ್ಟೇ ಸಾಲದು, ‘ಸಾಕಪ್ಪಾ’ ಅನ್ನುವ ಬೇಸರವೂ ಜೊತೆಗಿರಬೇಕು. ಶರಣಬಸವೇಶ್ವರ ಜಾತ್ರೆ ದಿನಗಟ್ಟಲೆ ನಡೆದರೂ ಅದಕ್ಕೆ ‘ಗೋಸ್ ಆನ್’ ಎನ್ನಿ. ‘ಡ್ರ್ಯಾಗ್ಸ್ ಆನ್’ ಎಂದರೆ ಯಾವಾಗ ಮುಗಿದೀತೋ ಎಂದು ಗೊಣಗಿದಂತೆ.

ಕರ್ತೃವಾಗಿ ಕೇಸು, ಮೀಟಿಂಗು, ಮುಷ್ಕರ, ಭಾಷಣ, ನಮ್ಮ ಬೇಸಿಗೆ ಎಲ್ಲ ಬರುತ್ತವೆ. ಭಾಷಣ ಮಾಡುವವರಿಗೆ ಮಾತ್ರ ಸಾಮಾನ್ಯವಾಗಿ ‘ಗೋಸ್ ಆನ್ ಅಂಡ್ ಆನ್’.

ಈ ಕ್ರಿಯಾಪದಕ್ಕೆ ಕರ್ಮ ಇಲ್ಲ. ‘ವಕೀಲರು ಕೇಸ್ ಎಳೀಲಾಕತ್ತಾರ’ ಎಂದು ಯಾರನ್ನೋ ದೂರುವಾಗ ‘ಡ್ರ್ಯಾಗ್ ಔಟ್’ ಬೇಕು: ‘ದೇ ಆರ್ ಡ್ರ್ಯಾಗಿಂಗ್ ದ ಕೇಸ್ ಔಟ್.’ ಕೇಸಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಡ್ರ್ಯಾಗಿಂಗ್ ಇಟ್ ಔಟ್’. ಕರ್ಮವಿಲ್ಲದ ಕಾರಣ ‘ವಾಸ್ ಡ್ರ್ಯಾಗ್ಡ್ ಆನ್’ ಎಂಬ ಕರ್ಮಣಿ ರೂಪವೂ ಇಲ್ಲ. ‘ವಾಸ್ ಡ್ರ್ಯಾಗ್ಡ್ ಔಟ್’ ಇದೆ.

ನಮ್ಮವರು ಹೆಚ್ಚು ಎಡವುವುದು ಕಾಲದಲ್ಲಿ. ‘ಮೂರು ವರ್ಷದಿಂದ ನಡೀತದ’ ಎನ್ನಲು ಕನ್ನಡಕ್ಕೆ ವರ್ತಮಾನವೇ ಸಾಕು, ಉಳಿದದ್ದನ್ನು ‘ಇಂದ’ ನೋಡಿಕೊಳ್ಳುತ್ತದೆ. ಅದೇ ಲೆಕ್ಕದಲ್ಲಿ ‘ಈಸ್ ಡ್ರ್ಯಾಗಿಂಗ್ ಆನ್ ಸಿನ್ಸ್ ತ್ರೀ ಇಯರ್ಸ್’ ಎಂದರೆ ಒಂದೇ ವಾಕ್ಯದಲ್ಲಿ ಎರಡು ತಪ್ಪು. ಹಿಂದೆ ಶುರುವಾಗಿ ಇನ್ನೂ ಮುಗಿಯದ್ದಕ್ಕೆ ‘ಹ್ಯಾಸ್ ಬೀನ್ ಡ್ರ್ಯಾಗಿಂಗ್ ಆನ್’. ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಯಾವಾಗಿನಿಂದ ಎಂಬುದಕ್ಕೆ ‘ಸಿನ್ಸ್’. ಯಾದಗಿರಿ ರೈತರಿಗೆ ಗೊತ್ತೇ ಇರುವ ಕೃಷ್ಣಾ ನೀರಿನ ಜಗಳ ತಗೊಳ್ಳಿ. ಮೊದಲ ನ್ಯಾಯಮಂಡಳಿ ಬಂದದ್ದು 1969ರಲ್ಲಿ, ಎರಡನೆಯದು 2004ರಲ್ಲಿ. ‘ದ ಡಿಸ್ಪ್ಯೂಟ್ ಹ್ಯಾಸ್ ಬೀನ್ ಡ್ರ್ಯಾಗಿಂಗ್ ಆನ್ ಫಾರ್ ಡೆಕೇಡ್ಸ್’ ಎನ್ನಲು ಯಾರ ಅಡ್ಡಿಯೂ ಇಲ್ಲ.

ಮುಗಿದದ್ದಕ್ಕೆ ಬರೀ ಭೂತಕಾಲ. ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಹಾಗಾಗಿ ‘ದ ವರ್ಕ್ ಡ್ರ್ಯಾಗ್ಡ್ ಆನ್ ಫಾರ್ ಇಯರ್ಸ್’. ಇಲ್ಲಿ ‘ಹ್ಯಾಸ್ ಬೀನ್’ ತಂದರೆ ಹಳಿ ಹಾಕುವುದು ಇನ್ನೂ ನಡೆದಿದೆ ಎಂದು ಓದುಗ ತಿಳಿದಾನು. ಬರೆಯುವಾಗ ‘ಡ್ರ್ಯಾಗ್ಡ್’, ‘ಡ್ರ್ಯಾಗಿಂಗ್’ ಎರಡಕ್ಕೂ ‘ಜಿ’ ಅಕ್ಷರ ಎರಡು ಸಲ ಬೇಕು. ‘ಡ್ರಗ್’ ಎಂಬ ಭೂತರೂಪ ಅಮೆರಿಕದ ಕೆಲವೆಡೆ ಆಡುಮಾತಿನಲ್ಲಿದೆ, ಪರೀಕ್ಷೆಯಲ್ಲಿ ಬೇಡ.

ಮಾತಾಡುವಾಗ ‘ಆನ್’ ಮೇಲೆ ಒತ್ತು ಬೀಳಲಿ, ‘ಡ್ರ್ಯಾಗ್ಡಾನ್’ ಎಂದು ಕೂಡಿಸಿ ಹೇಳಿ. ‘ಎ ಡ್ರ್ಯಾಗ್ ಆನ್ ಎ ಸಿಗರೆಟ್’ ಎಂದು ಕೇಳಿದರೆ ಅದು ಬೇರೆಯೇ: ಅಲ್ಲಿ ‘ಡ್ರ್ಯಾಗ್’ ನಾಮಪದ, ಒಂದು ದಮ್ಮು ಎಳೆಯುವುದು.