ವೆರಿಕೋಸೀಲ್ ಆಪರೇಷನ್ ಆದ ಮೇಲೆ ಸರಿಹೋಗಲು ಎಷ್ಟು ದಿನ ಬೇಕು?

ವೆರಿಕೋಸೀಲ್‌ಗೆ, ಅಂದರೆ ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ತೊಂದರೆಗೆ, ನಾನು ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವುದು ಹೆಚ್ಚು ಜನರಿಗೆ ಗೊತ್ತಿಲ್ಲ. ಆದರೂ ಗೆಳೆಯರ ಗೆಳೆಯರು ಹೇಗೋ ತಿಳಿದುಕೊಂಡು ಫೋನ್ ಮಾಡುತ್ತಾರೆ, ಅದೂ ಇದೂ ಮಾತನಾಡುತ್ತಾರೆ, ಕೊನೆಗೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಮಾತ್ರ ಒಂದೇ: "ಪೂರ್ತಿ ಸರಿಹೋಗಲು ಎಷ್ಟು ದಿನ ಬೇಕಾಯಿತು?" ಗಾಯ ಮಾಯುವುದಕ್ಕೆ ಒಂದು ಲೆಕ್ಕ, ಉಬ್ಬಿದ ರಕ್ತನಾಳ ಕುಗ್ಗುವುದಕ್ಕೆ ಇನ್ನೊಂದು, ವೀರ್ಯದ ವರದಿಯಲ್ಲಿ ಬದಲಾವಣೆ ಕಾಣುವುದಕ್ಕೆ ಮತ್ತೊಂದು. ಈ ಮೂರನ್ನೂ ಒಂದೇ ಎಂದುಕೊಂಡವರು ಎರಡನೆಯ ವಾರದಲ್ಲೇ ಕಂಗಾಲಾಗುತ್ತಾರೆ. ನಾನೂ ಆಗಿದ್ದೆ.

ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳ ಕವಾಟಗಳು ಸರಿಯಾಗಿ ಮುಚ್ಚಿಕೊಳ್ಳದಿದ್ದಾಗ ರಕ್ತ ಹಿಂದಕ್ಕೆ ಇಳಿದು ನಿಲ್ಲುತ್ತದೆ, ನಾಳಗಳು ಉಬ್ಬಿ ಸುರುಳಿ ಸುತ್ತಿಕೊಳ್ಳುತ್ತವೆ. ಮುಟ್ಟಿದರೆ ಚೀಲದೊಳಗೆ ಎರೆಹುಳುಗಳಿದ್ದಂತೆ ಭಾಸವಾಗುತ್ತದೆ. ಎಡಗಡೆಯ ನಾಳ ಬಲಗಡೆಯದಕ್ಕಿಂತ ಉದ್ದವಾಗಿದ್ದು, ಮೂತ್ರಪಿಂಡದ ಅಭಿಧಮನಿಯನ್ನು ನೇರ ಕೋನದಲ್ಲಿ ಸೇರುವುದರಿಂದ ತೊಂದರೆ ಕಾಣಿಸಿಕೊಳ್ಳುವುದು ಬಹುಪಾಲು ಎಡಕ್ಕೇ. ಗಂಡಸರಲ್ಲಿ ಸುಮಾರು ಶೇಕಡಾ 15ರಷ್ಟು ಮಂದಿಗೆ ಇದು ಇರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಆದ್ದರಿಂದ ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದು, ನೋವಿಗಾಗಿ ಮಾಡಿಸಿಕೊಳ್ಳುತ್ತಿದ್ದೀರೋ ಮಗುವಿಗಾಗಿಯೋ ಎಂದು. ಎಷ್ಟು ದಿನ ಕಾಯಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ಶಸ್ತ್ರಚಿಕಿತ್ಸೆ ನಡೆಯುವುದು ಪೂರ್ಣ ಅರಿವಳಿಕೆಯಲ್ಲಿ. ಹೊಕ್ಕುಳಿನ ಬಳಿ ಒಂದು, ಕೆಳಹೊಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಿ, ಕ್ಯಾಮೆರಾದಲ್ಲಿ ನೋಡುತ್ತ ವೃಷಣದ ಅಭಿಧಮನಿಯನ್ನು ಕ್ಲಿಪ್ ಹಾಕಿ ಮುಚ್ಚುತ್ತಾರೆ. ಹಾಗಾದರೆ ರಕ್ತ ಹೋಗುವುದೆಲ್ಲಿಗೆ ಎಂದು ನಾನು ವೈದ್ಯರನ್ನು ಕೇಳಿದ್ದೆ. ವೀರ್ಯನಾಳದ ಜೊತೆಯಲ್ಲೇ ಸಾಗುವ ಬೇರೆ ಸಣ್ಣ ಅಭಿಧಮನಿಗಳಿವೆ, ಅವು ಆ ಕೆಲಸ ನೋಡಿಕೊಳ್ಳುತ್ತವೆ.

ಅದೇ ದಿನ ಸಂಜೆಯೋ ಮರುದಿನವೋ ಮನೆಗೆ ಕಳುಹಿಸುತ್ತಾರೆ. ನನಗೆ ಯಾರೂ ಮುಂಚಿತವಾಗಿ ಹೇಳದೆ ಉಳಿದಿದ್ದ ಸಂಗತಿಯೆಂದರೆ ಭುಜದ ನೋವು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹೊಟ್ಟೆಯ ಹೊಲಿಗೆಗಿಂತ ಬಲ ಭುಜವೇ ಹೆಚ್ಚು ಸೆಳೆಯುತ್ತಿತ್ತು, ಹೃದಯಕ್ಕೇನೋ ಆಯಿತೆಂದೇ ಭಾವಿಸಿದೆ. ಒಳಗೆ ಉಳಿದ ಅನಿಲ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಯನ್ನು ಕೆಣಕುತ್ತದೆ, ಆ ಭಾಗದ ನರಕ್ಕೂ ಭುಜಕ್ಕೂ ಮೂಲ ಒಂದೇ ಆದ್ದರಿಂದ ನೋವು ಭುಜದಲ್ಲಿ ಅರಿವಿಗೆ ಬರುತ್ತದೆ. ನಿಧಾನವಾಗಿ ನಡೆದಾಡುತ್ತಿದ್ದರೆ ಎರಡು ಮೂರು ದಿನಗಳಲ್ಲಿ ಅದು ತಾನಾಗಿ ಹೋಗುತ್ತದೆ. ಕೆಮ್ಮು ಬಂದಾಗ ಮಾತ್ರ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯುವುದನ್ನು ಎರಡನೆಯ ಕೆಮ್ಮಿಗೇ ಕಲಿತುಬಿಟ್ಟೆ.

ಮೊದಲ ವಾರದ ಉಳಿದ ವಿಷಯಗಳು ಸರಳ. ವೃಷಣಚೀಲಕ್ಕೆ ಆಸರೆ ಕೊಡುವ ಬಿಗಿಯಾದ ಒಳಉಡುಪು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಸ್ವಲ್ಪ ಹೊತ್ತು ಇಡುವುದು, ಮತ್ತು ಮಲಬದ್ಧತೆ ಆಗದಂತೆ ನೀರು ಮತ್ತು ನಾರಿನ ಆಹಾರ. ಮುಕ್ಕರಿದರೆ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಆ ಹೊತ್ತಿನಲ್ಲಿ ಬೇಡವಾದದ್ದು ಅದೇ. ಕುಳಿತು ಮಾಡುವ ಕೆಲಸಕ್ಕೆ ಸುಮಾರು ಒಂದು ವಾರದಲ್ಲಿ ಮರಳಬಹುದು. ಭಾರ ಎತ್ತುವುದಕ್ಕೂ ಜಿಮ್‌ಗೂ ಮೂರು ನಾಲ್ಕು ವಾರ ಬಿಡುವು ಬೇಕು, ಲೈಂಗಿಕ ಸಂಪರ್ಕಕ್ಕೆ ಸಾಮಾನ್ಯವಾಗಿ ಒಂದೆರಡು ವಾರ. ತೊಡೆಯ ಮುಂಭಾಗ ಸ್ವಲ್ಪ ಜೋಮು ಹಿಡಿದಂತೆ ಇರುವುದೂ ಉಂಟು. ಅಲ್ಲಿಯ ನರಕ್ಕೆ ತಗಲಿದ ಪೆಟ್ಟು ಅದಕ್ಕೆ ಕಾರಣ, ಹೆಚ್ಚಿನವರಲ್ಲಿ ಕ್ರಮೇಣ ಸರಿಹೋಗುತ್ತದೆ.

ಎರಡನೆಯ ವಾರ, ಸ್ನಾನದ ಹೊತ್ತಿನಲ್ಲಿ, ಅದೇ ಗಂಟು ಮತ್ತೆ ಕೈಗೆ ಸಿಕ್ಕಿತು. ಹೊಟ್ಟೆಯ ಮೇಲಿನ ಗಾಯಗಳು ಒಣಗಿ ಹೋಗಿದ್ದವು, ಯಾವುದಕ್ಕಾಗಿ ಇಷ್ಟೆಲ್ಲ ಮಾಡಿಸಿಕೊಂಡೆನೋ ಅದು ಮಾತ್ರ ಇದ್ದಲ್ಲೇ ಇತ್ತು. ಆಪರೇಷನ್ ಕೆಟ್ಟಿತು ಎಂದೇ ನಿರ್ಧರಿಸಿ ವೈದ್ಯರಲ್ಲಿಗೆ ಓಡಿದೆ. ಅವರು ಹೇಳಿದ್ದು ಇಷ್ಟೇ: ಮೇಲೆ ಬಾಗಿಲು ಮುಚ್ಚಿದೆ, ಕೆಳಗೆ ಉಬ್ಬಿದ ನಾಳಗಳನ್ನು ಯಾರೂ ಕಿತ್ತು ತೆಗೆದಿಲ್ಲ. ಅವುಗಳಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಗಟ್ಟಿಯಾಗಿ, ಆಮೇಲೆ ನಿಧಾನವಾಗಿ ಕುಗ್ಗಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ದಿನವೂ ಒತ್ತಿ ನೋಡುವುದರಿಂದ ನೋವು ಹೆಚ್ಚುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ ಎಂಬುದನ್ನು ಅವರು ಹೇಳಲಿಲ್ಲ, ನಾನೇ ಕಂಡುಕೊಂಡೆ.

ಮಗುವಿಗಾಗಿ ಮಾಡಿಸಿಕೊಂಡವರ ಲೆಕ್ಕ ಇನ್ನೂ ನಿಧಾನ. ವೀರ್ಯಾಣುಗಳು ಚೆನ್ನಾಗಿ ಬೆಳೆಯಲು ವೃಷಣ ದೇಹಕ್ಕಿಂತ ಒಂದೆರಡು ಡಿಗ್ರಿಯಾದರೂ ತಂಪಾಗಿರಬೇಕು. ನಿಂತ ರಕ್ತ ಆ ತಂಪನ್ನು ಕೆಡಿಸುತ್ತದೆ. ಚಿಕಿತ್ಸೆಯ ನಂತರ ತಂಪು ಮರಳಿದರೂ, ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಹೊರಗೆ ಬರಲು ಇನ್ನೂ ಕೆಲವು ದಿನ. ಒಂದನೆಯ ತಿಂಗಳಲ್ಲೇ ಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ಸಿಗುವುದು ಹಳೆಯ ದಾಸ್ತಾನು. ಮೊದಲ ಪರೀಕ್ಷೆಗೆ ಮೂರು ತಿಂಗಳು ಕಾಯಿಸುವುದು ಇದಕ್ಕಾಗಿ. ಆಗಲೂ ಎಲ್ಲರಲ್ಲಿ ಸುಧಾರಣೆ ಕಾಣುತ್ತದೆಂದು ಹೇಳಲಾಗದು. ಸುಧಾರಣೆ ಕಂಡ ಎಲ್ಲ ದಂಪತಿಗಳಿಗೂ ಗರ್ಭ ನಿಲ್ಲುತ್ತದೆಂದೂ ಅಲ್ಲ.

ತಿಂಗಳುಗಳ ನಂತರ ವೃಷಣದ ಸುತ್ತ ನೋವಿಲ್ಲದ ನೀರು ತುಂಬಿದ ಊತ ಬಂದರೆ ಅದು ಹೈಡ್ರೋಸೀಲ್ ಇರಬಹುದು. ಅಭಿಧಮನಿಯ ಜೊತೆಗೆ, ಅಂಗಾಂಶದ ದ್ರವವನ್ನು ಒಯ್ಯುವ ದುಗ್ಧನಾಳಗಳೂ ಮುಚ್ಚಿಹೋದಾಗ ಹೀಗಾಗುತ್ತದೆ. ಸೂಕ್ಷ್ಮದರ್ಶಕ ಬಳಸಿ ತೊಡೆಸಂದಿನ ಬಳಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಇದೂ, ತೊಂದರೆ ಮರುಕಳಿಸುವುದೂ ಕಡಿಮೆ, ಆದ್ದರಿಂದ ಇನ್ನೂ ನಿರ್ಧರಿಸದವರು ಎರಡೂ ವಿಧಾನಗಳ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು. ಜ್ವರ, ಗಾಯದಿಂದ ಕೀವು, ಮೂತ್ರ ಕಟ್ಟುವುದು, ಮೀನಖಂಡದ ನೋವು ಮತ್ತು ಊತ, ದಿನದಿಂದ ದಿನಕ್ಕೆ ಹೆಚ್ಚುವ ವೃಷಣದ ಬಾವು, ಇವುಗಳಲ್ಲಿ ಯಾವುದು ಕಂಡರೂ ನನಗೆ ಫೋನ್ ಮಾಡಬೇಡಿ, ಆಪರೇಷನ್ ಮಾಡಿದವರಿಗೆ ಅಂದೇ ಮಾಡಿ.